ಒಂದು ಚುಕ್ಕಿ ಅಂದರೆ ಒಂದು ಗುಂಟೆ

ಮಳೆಗಾಲದಲ್ಲಿ ಮಂಡ್ಯದ ಗದ್ದೆಗಳನ್ನು ಮೇಲಿಂದ ನೋಡಲು ಹೊರಟರೆ ಮೊದಲು ಸಿಗುವುದು ಮೋಡ. 2024ರ ಮುಂಗಾರಿನಲ್ಲಿ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಒಂದೊಂದಾಗಿ ಇಳಿಸಿ ತೆರೆದೆ. ಐದು ದಿನಕ್ಕೊಂದು ಚಿತ್ರ, ಅದೂ ಪುಕ್ಕಟೆ. ಆದರೆ ತೆರೆದಿದ್ದೆಲ್ಲ ಹತ್ತಿ ಹಿಂಜಿ ಹರಡಿದ ಹಾಗೆ ಬೆಳ್ಳಗೆ. ಒಂದರಲ್ಲಿ ಮಾತ್ರ ಮೋಡದ ಸಂದಿನಲ್ಲಿ ನಾಲೆಯ ಒಂದು ತುಂಡು ಕಂಡಿತು. ಉಳಿದದ್ದು ದೇವರೇ ಬಲ್ಲ.

ಕೆಲಸ ಬಂದದ್ದು ಒಂದು ಉಪನಾಲೆಯ ಕೊನೆ ಭಾಗದ ರೈತರಿಂದ. ನಮಗೆ ನೀರು ತಡವಾಗಿ ಬರುತ್ತದೆ, ತಲೆ ಭಾಗದವರ ನಾಟಿ ಯಾವತ್ತು ಆಯಿತು, ನಮ್ಮದು ಯಾವತ್ತು ಆಯಿತು, ಅದನ್ನು ನಕ್ಷೆಯಲ್ಲಿ ತೋರಿಸಿಕೊಡು ಅಂದರು. ನಕ್ಷೆ ಮಾಡುವುದೇ ನನ್ನ ಕಸುಬು. ಎರಡು ವಾರದಲ್ಲಿ ಮುಗಿಸಿಕೊಡುತ್ತೇನೆ ಅಂತ ಒಪ್ಪಿಕೊಂಡೆ. ಮೂರು ತಿಂಗಳು ಹಿಡಿಯಿತು.

ಅವರಿಗೆ ಪಿಕ್ಸೆಲ್ ಅಂದರೆ ಏನು ಅಂತ ಹೇಳುವುದು ಸುಲಭವಾಯಿತು. ಚಿತ್ರ ಕಟ್ಟುವ ಒಂದೊಂದು ಚುಕ್ಕಿಯೇ ಪಿಕ್ಸೆಲ್. ಸೆಂಟಿನೆಲ್-2ರ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್! ಯುರೋಪಿನವರು ನಮ್ಮ ಪಹಣಿ ಇಟ್ಟುಕೊಂಡೇ ಕ್ಯಾಮೆರಾ ಮಾಡಿದರೇನೋ. ನಮ್ಮ ರಿಸೋರ್ಸ್‌ಸ್ಯಾಟ್-2ಎ ಉಪಗ್ರಹದ ಲಿಸ್-3 ಕ್ಯಾಮೆರಾಕ್ಕೆ ಒಂದು ಚುಕ್ಕಿ 23.5 ಮೀಟರ್, ಐದೂವರೆ ಗುಂಟೆ. ಲಿಸ್-4ಕ್ಕೆ 5.8 ಮೀಟರ್, ಗುಂಟೆಯಲ್ಲಿ ಮೂರನೇ ಒಂದು ಪಾಲು. 2019ರಲ್ಲಿ ಹಾರಿದ ಕಾರ್ಟೊಸ್ಯಾಟ್-3ಕ್ಕೆ 25 ಸೆಂಟಿಮೀಟರ್. ಒಂದು ಗುಂಟೆಯೊಳಗೆ 1,600 ಚುಕ್ಕಿ ಹಿಡಿಸುತ್ತವೆ. ಗದ್ದೆ ಬದು ಕಾಣುತ್ತದೆ, ಬದುವಿನ ಮೇಲೆ ನಿಂತ ಟ್ರ್ಯಾಕ್ಟರೂ ಕಾಣುತ್ತದೆ. ಅದೇ ಕಣ್ಣಿಗೆ ಗಡಿಯಾಚೆ ನಿಂತ ಲಾರಿಯೂ ಕಾಣುತ್ತದೆ, ಅಲ್ವಾ? ಅದಕ್ಕೇ ಅಂಥ ಚಿತ್ರ ನನ್ನಂಥವರಿಗೆ ಸುಮ್ನೆ ಸಿಗುವುದಿಲ್ಲ. 2023ರ ಬಾಹ್ಯಾಕಾಶ ನೀತಿಯ ಪ್ರಕಾರ ಇಸ್ರೋ ಉಪಗ್ರಹಗಳ 5 ಮೀಟರ್ ಮತ್ತು ಅದಕ್ಕಿಂತ ದಪ್ಪ ಚುಕ್ಕಿಯ ಚಿತ್ರಗಳು ಎಲ್ಲರಿಗೂ ಉಚಿತ. ಗದ್ದೆ ಕೆಲಸಕ್ಕೆ ಅಷ್ಟು ಸಾಕು.

ಮೋಡಕ್ಕೆ ಮಾತ್ರ ಯಾವ ಕ್ಯಾಮೆರಾವೂ ಮದ್ದಲ್ಲ. ರೇಡಾರ್ ಬೇಕು. ಅದು ಬಿಸಿಲಿಗೆ ಕಾಯುವುದಿಲ್ಲ. ತಾನೇ ರೇಡಿಯೋ ಅಲೆ ಬಿಟ್ಟು, ವಾಪಸ್ ಬಂದಿದ್ದನ್ನು ಅಳೆಯುತ್ತದೆ. ಕತ್ತಲಾದರೂ ಸರಿ, ಮೋಡ ಕವಿದರೂ ಸರಿ. ಸೈನ್ಯಕ್ಕೆ ಬೇಕಾಗಿದ್ದೂ ಇದೇ. 2008ರ ಮುಂಬೈ ದಾಳಿಯಾದ ಮೇಲೆ, 2009ರ ಏಪ್ರಿಲ್‌ನಲ್ಲಿ ಇಸ್ರೇಲಿನ ರೇಡಾರ್ ಹೊತ್ತು ರಿಸ್ಯಾಟ್-2 ಹಾರಿತು. ಇಲ್ಲೇ ತಯಾರಾದ ರೇಡಾರ್ ಹೊತ್ತ ರಿಸ್ಯಾಟ್-1 ಹಾರಿದ್ದು 2012ರಲ್ಲಿ. ಎರಡು ಮೊದಲು, ಒಂದು ಆಮೇಲೆ! ಆ ಒಂದನೆಯದು ಭತ್ತದ ಲೆಕ್ಕಕ್ಕೂ ಬಂತು.

ಇದನ್ನು ಹೇಳಿದಾಗ ಗುಂಪಿನಲ್ಲಿದ್ದ ಹಿರಿಯರೊಬ್ಬರು, "ಹಂಗಾರೆ ಪಾಕಿಸ್ತಾನ ನೋಡೋ ಮಿಷನ್ನಲ್ಲಿ ನನ್ ಗದ್ದೆ ನೋಡ್ತಿದ್ದೀಯಾ?" ಅಂದರು. ಜಾತಿ ಅದೇ, ಯಂತ್ರ ಬೇರೆ ಅಂದೆ. ನಾನು ಬಳಸಿದ್ದು ಯುರೋಪಿನ ಸೆಂಟಿನೆಲ್-1ಎ. ಆಗ ಅದು ಹನ್ನೆರಡು ದಿನಕ್ಕೊಮ್ಮೆ ಬೆಳಗ್ಗೆ ಆರರ ಹೊತ್ತಿಗೆ ನಮ್ಮ ಮೇಲೆ ಹಾದು ಹೋಗುತ್ತಿತ್ತು.

ಭತ್ತವನ್ನು ರೇಡಾರ್‌ನಲ್ಲಿ ಗುರುತಿಸುವುದು ಹೀಗೆ. ಕೆಸರು ಮಾಡಿ ನೀರು ನಿಲ್ಲಿಸಿದ ಗದ್ದೆ ಕನ್ನಡಿಯ ಹಾಗೆ. ಓರೆಯಾಗಿ ಬಿದ್ದ ಅಲೆ ಆ ಕಡೆಗೇ ಚಿಮ್ಮಿ ಹೋಗುತ್ತದೆ. ಉಪಗ್ರಹಕ್ಕೆ ಹೆಚ್ಚೇನೂ ವಾಪಸ್ ಬರುವುದಿಲ್ಲ, ಚಿತ್ರದಲ್ಲಿ ಆ ತಾಕು ಕಪ್ಪು. ನಾಟಿಯಾಗಿ ಪೈರು ಎದ್ದಂತೆಲ್ಲ ಬೆಳ್ಳಗಾಗುತ್ತಾ ಬರುತ್ತದೆ. ಎದೆಮಟ್ಟ ಬೆಳೆದ ಕಬ್ಬು ಕಟಾವಿನವರೆಗೂ ಬೆಳ್ಳಗೇ ಇರುತ್ತದೆ. ತೆಂಗಿನ ತೋಟ ವರ್ಷವಿಡೀ ಒಂದೇ ಥರ. ಹಾಗಾಗಿ ಕಪ್ಪಾಗಿ ಆಮೇಲೆ ಬೆಳ್ಳಗಾದದ್ದು ಭತ್ತ, ಕಪ್ಪಾದ ದಿನ ನೀರು ಬಂದ ದಿನ. ಕಂಪ್ಯೂಟರಿಗೆ ಇಷ್ಟೇ ಹೇಳಿಕೊಟ್ಟೆ.

ಒಂದು ತಾಪತ್ರಯವಿದೆ. ರೇಡಾರ್ ಚಿತ್ರ ನುಣ್ಣಗೆ ಇರುವುದಿಲ್ಲ, ಕಡಲೆಪುರಿ ಮೇಲೆ ಖಾರದಪುಡಿ ಉದುರಿಸಿದ ಹಾಗೆ ಇರುತ್ತದೆ. ಅಕ್ಕಪಕ್ಕದ ಚುಕ್ಕಿಗಳ ಸರಾಸರಿ ತೆಗೆಯಬೇಕು. ಕಡತದಲ್ಲಿ 10 ಮೀಟರ್ ಅಂತ ಇದ್ದರೂ ಅದಕ್ಕೆ ನಿಜವಾಗಿ ಕಾಣುವುದು ಸುಮಾರು 20 ಮೀಟರ್. ಹಾಗಾಗಿ ಹತ್ತು ಗುಂಟೆಗಿಂತ ಚಿಕ್ಕ ತಾಕಿನ ಬಗ್ಗೆ ನಾನು ಬಾಯಿ ಬಿಡಲಿಲ್ಲ.

ಮೊದಲ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದು ಅರಳಿಕಟ್ಟೆ ಮೇಲೆ ಹಾಸಿದೆ. ಎಲ್ಲರೂ ಬಗ್ಗಿ ನೋಡಿದರು. ಯಾರೂ ಮಾತಾಡಲಿಲ್ಲ. ನಾಲೆಯ ಕೊಟ್ಟಕೊನೆಯಲ್ಲಿ ಮೂವತ್ತೆಂಟು ಎಕರೆ, ಒಂದೇ ಮುದ್ದೆ, ಎಲ್ಲರಿಗಿಂತ ಮೊದಲು ನಾಟಿಯಾಗಿದೆ ಅಂತ ನನ್ನ ನಕ್ಷೆ ಹೇಳುತ್ತಿತ್ತು. ಜುಲೈ ಮೊದಲ ವಾರಕ್ಕೇ! ಅವರ ವಾದಕ್ಕೆ ನಾನೇ ಕೊಡಲಿ ಹಾಕಿದ್ದೆ. ಪಾಕಿಸ್ತಾನದ ಮಾತಾಡಿದ ಹಿರಿಯರೇ ಬೆರಳಿಟ್ಟು ನೋಡಿ ನಗಲು ಶುರು ಮಾಡಿದರು. "ಅಯ್ಯೋ, ಇದು ನಮ್ ಕೆರೆ ಕನಪ್ಪ! ಕೆರೆ ಒಳ್ಗೆ ಯಾರು ನಾಟಿ ಹಾಕವ್ರೆ?"

ಹೋಗಿ ನೋಡಿದೆ. ಮಳೆಗೆ ಕೆರೆಗೆ ಒಂದಿಷ್ಟು ನೀರು ಬಂದಿತ್ತು, ಅದೇ ಕಪ್ಪು. ಆಮೇಲೆ ಜೊಂಡು ಎದ್ದು ನಿಂತಿತ್ತು, ಅದೇ ಬೆಳ್ಳಗೆ. ರೇಡಾರ್ ತಪ್ಪು ಹೇಳಿರಲಿಲ್ಲ. ನೀರಿತ್ತು, ನೀರಿನಿಂದ ಹಸಿರು ಎದ್ದಿತ್ತು. ಅದಕ್ಕೆ ಭತ್ತ ಅಂತ ಹೆಸರಿಟ್ಟವನು ನಾನು.

ಆಮೇಲೆ ಕೂತು ಕೆಲಸ ಮಾಡುವುದು ಬಿಟ್ಟು ಬೈಕ್ ಹತ್ತಿದೆ. ಗ್ರಾಮ ನಕ್ಷೆ ತಂದು ಕೆರೆ ಅಂಗಳಗಳನ್ನೆಲ್ಲ ಗುರುತು ಹಾಕಿ ಲೆಕ್ಕದಿಂದ ತೆಗೆದೆ. ಬೇಸಿಗೆಯ ತಿಳಿ ಆಕಾಶದ ಸೆಂಟಿನೆಲ್-2 ಚಿತ್ರದಿಂದ ತೆಂಗು ತೆಗೆದೆ. ಅರವತ್ತು ತಾಕಿನ ಬದುವಿಗೆ ಹೋಗಿ ಮೊಬೈಲಿನಲ್ಲಿ ಜಾಗ ಗುರುತು ಮಾಡಿ, ನೀರು ಎಂದು ಬಂತು ಅಂತ ಕೇಳಿ ಬರೆದುಕೊಂಡೆ. ಮೂವತ್ತನ್ನು ಕಂಪ್ಯೂಟರಿಗೆ ಕಲಿಸಲು ಇಟ್ಟುಕೊಂಡೆ, ಮೂವತ್ತನ್ನು ಅದಕ್ಕೆ ತೋರಿಸದೆ ಪರೀಕ್ಷೆಗೆ ಬಚ್ಚಿಟ್ಟೆ. ತಪ್ಪಿದವು ಹೆಚ್ಚಾಗಿ ಕಬ್ಬು ಕಟಾವಾಗಿ ನೀರು ಕಟ್ಟಿದ ಕೂಳೆ ತಾಕುಗಳು. ಅವನ್ನು ಸರಿಮಾಡಲು ಇನ್ನೂ ಮೂರು ವಾರ.

ಕೊನೆಗೆ ತಲೆ ಭಾಗ ಜುಲೈ ಕೊನೆಯ ಚಿತ್ರದಲ್ಲೇ ಕಪ್ಪಾಗಿತ್ತು. ಕೊನೆ ಭಾಗ ಕಪ್ಪಾಗಿದ್ದು ಅಲ್ಲಿಂದ ಎರಡನೇ ಚಿತ್ರದಲ್ಲಿ. ನಕ್ಷೆಯಲ್ಲಿ ಪ್ರತಿ ಬಣ್ಣದ ಪಕ್ಕ ಒಂದು ತಾರೀಕು ಬರೆದಿದ್ದೆ. ಹಿರಿಯರು ತಮ್ಮ ತಾಕು ಹುಡುಕಿ, "ಈ ತಾರೀಕು ಸುಳ್ಳು. ನನ್ ತೂಬಿಗೆ ನೀರು ಬಂದದ್ದು ವರಮಾಲಕ್ಷ್ಮಿ ಹಬ್ಬದ ಹಿಂದ್ಲಿನ ರಾತ್ರಿ" ಅಂದರು. ಆ ವರ್ಷ ಹಬ್ಬ ಆಗಸ್ಟ್ 16ಕ್ಕಿತ್ತು. ನನ್ನ ತಾರೀಕು ಅದಾದ ಮೇಲೆ ಉಪಗ್ರಹ ಹಾದು ಹೋದ ದಿನದ್ದು. ನಡುವೆ ಬಂದ ನೀರು ಯಾವ ದಿನದ್ದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಅಲ್ಲೇ ಪೆನ್ನು ತೆಗೆದು ತಾರೀಕುಗಳನ್ನೆಲ್ಲ ಹೊಡೆದು ಹಾಕಿ, ಈ ದಿನದಿಂದ ಈ ದಿನದೊಳಗೆ ಅಂತ ಬರೆದೆ. ಮುಂದಿನ ಮುಂಗಾರಿಗೆ ಪ್ರತಿ ತೂಬಿಗೆ ಒಬ್ಬರು ನೀರು ಬಂದ ದಿನ ಬರೆದಿಡಬೇಕು ಅಂತ ಮಾತಾಯಿತು. ನೋಟ್‌ಬುಕ್ಕಿನ ಖರ್ಚು ನನ್ನದು.