ಮಿ ತಿಯೆರ್ರಾದಲ್ಲಿ ಊಟಕ್ಕೆ ಹೋಗುವುದಾದರೆ

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊಗೆ ಹೋದರೆ ಮಾರ್ಕೆಟ್ ಸ್ಕ್ವೇರ್‌ನ ಮಿ ತಿಯೆರ್ರಾ ಬಿಡಬೇಡಿ. 1941ರಲ್ಲಿ ಶುರುವಾದ ಮೆಕ್ಸಿಕನ್ ಹೋಟೆಲು. ತಲೆ ಮೇಲೆಲ್ಲ ಬಣ್ಣದ ತೋರಣ, ಮಿಣುಕು ದೀಪ, ಗೋಡೆ ತುಂಬಾ ಚಿತ್ರ. ಗಲಾಟೆ ಜಾಸ್ತಿ, ಮಾತಾಡಲೆಂದು ಹೋಗಬೇಡಿ.

ವಾರಾಂತ್ಯದಲ್ಲಿ ಹೆಸರು ಬರೆಸಿ ಕಾಯಬೇಕಾಗಬಹುದು. ಅಷ್ಟರಲ್ಲಿ ಒಳಗಿನ ಬೇಕರಿ ನೋಡಿಕೊಳ್ಳಿ, ಕೊಳ್ಳುವುದು ಊಟ ಆದಮೇಲೆ.

ಸಸ್ಯಾಹಾರಿಗಳು ಸ್ವಲ್ಪ ಹುಷಾರು. ಮೆನುವಿನಲ್ಲಿ ಬರೀ ಬೀನ್ಸ್, ರೈಸ್ ಅಂತಿದ್ದರೂ, ಇಂಥ ಅಡುಗೆಯಲ್ಲಿ ಮಸೆದ ಬೀನ್ಸ್‌ಗೆ ಹಂದಿ ಕೊಬ್ಬು (ಲಾರ್ಡ್), ಅನ್ನಕ್ಕೆ ಕೋಳಿ ಬೇಯಿಸಿದ ನೀರು (ಚಿಕನ್ ಬ್ರಾತ್) ಹಾಕುವುದು ಮಾಮೂಲು, ಹಾಗಾಗಿ ಸುಮ್ನೆ 'ಮಾಂಸ ಬೇಡ' ಅಂದರೆ ಸಾಲದು, ಲಾರ್ಡ್ ಇದೆಯಾ, ಚಿಕನ್ ಬ್ರಾತ್ ಇದೆಯಾ ಅಂತ ಹೆಸರು ಹಿಡಿದೇ ಕೇಳಿ. ಚೀಸ್ ಎಂಚಿಲಾಡಾ, ಅಂದರೆ ಚೀಸ್ ತುಂಬಿ ಸುತ್ತಿದ ರೊಟ್ಟಿ, ಅದೂ ಅಷ್ಟೇ. ಮೇಲೆ ಸುರಿಯುವ ಗ್ರೇವಿಯಲ್ಲಿ ದನದ ಮಾಂಸ ಇರಬಹುದು. ಏನೂ ಹೊಂದದಿದ್ದರೆ ಗ್ವಾಕಮೋಲೆ (ಬೆಣ್ಣೆಹಣ್ಣಿನ ಚಟ್ನಿ), ಬಿಸಿ ಮೆಕ್ಕೆಜೋಳದ ಟೋರ್ಟಿಯಾ ರೊಟ್ಟಿ ತರಿಸಿ, ಅದರಲ್ಲೇ ಹೊಟ್ಟೆ ತುಂಬುತ್ತದೆ; ಮೈದಾ ಟೋರ್ಟಿಯಾದಲ್ಲಿ ಲಾರ್ಡ್ ಇರಬಹುದು. ಚಿಪ್ಸ್ ಬಂತು ಅಂತ ಮೊದಲೇ ಮುಕ್ಕಬೇಡಿ, ತಟ್ಟೆಗಳು ದೊಡ್ಡವು, ಇಬ್ಬರಿಗೆ ಒಂದು ಸಾಕಾಗಬಹುದು.

ಮರಿಯಾಚಿ ಎಂಬ ಮೆಕ್ಸಿಕನ್ ಸಂಗೀತದ ಹಾಡುಗಾರರು ಮೇಜಿನ ಹತ್ತಿರ ಬಂದು ಯಾವ ಹಾಡು ಬೇಕು ಅಂದರೆ ಅದು ಪುಕ್ಕಟೆ ಅಲ್ಲ. ಎಷ್ಟು ಅಂತ ಮೊದಲೇ ಕೇಳಿ, ಜೇಬಲ್ಲಿ ನಗದು ಇರಲಿ. ಬೇಡವಾದರೆ ನಕ್ಕು 'ನೋ, ಗ್ರಾಸಿಯಾಸ್' (ಬೇಡ, ಥ್ಯಾಂಕ್ಸ್) ಅನ್ನಿ, ಯಾರೂ ಬೇಜಾರಾಗುವುದಿಲ್ಲ. ಬಿಲ್ಲಿನ ಮೇಲೆ ಶೇಕಡ 18ರಿಂದ 20 ಟಿಪ್ಸ್ ಬೇರೆ ಇಡಬೇಕು.