ಮನೆಯ ಕ್ಲೌಡ್ ಸರ್ವರ್ ಕೈಕೊಟ್ಟರೆ ಎಲ್ಲಿಂದ ನೋಡಬೇಕು?

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಜಗಲಿ ಕಪಾಟಿನಲ್ಲಿ ಒಂದು ಪುಟ್ಟ ಸರ್ವರ್ ಇದೆ. ರಾಸ್ಪ್‌ಬೆರಿ ಪೈ 4 ಅನ್ನುವ ಪುಟಾಣಿ ಕಂಪ್ಯೂಟರ್, ಒಂದು ಹಾರ್ಡ್ ಡಿಸ್ಕ್, ಒಳಗೆ ಫೈಲ್, ಫೋಟೋಗಳನ್ನು ಮನೆಯಲ್ಲೇ ಇಟ್ಟು ಫೋನಿನಿಂದ ನೋಡಲು ಬಿಡುವ ನೆಕ್ಸ್ಟ್‌ಕ್ಲೌಡ್ ಸಾಫ್ಟ್‌ವೇರ್. ಅಪ್ಪನ ತೋಟದ ಲೆಕ್ಕ, ಪಹಣಿ ಸ್ಕ್ಯಾನ್, ತಂಗಿಯ ಮದುವೆ ಫೋಟೋ, ಅಜ್ಜಿ ಹಾಡಿದ ಹಾಡುಗಳ ರೆಕಾರ್ಡಿಂಗ್ ಎಲ್ಲ ಅದರಲ್ಲೇ ಇವೆ. ಇದನ್ನು ನೋಡಿ ನಾಲ್ಕೈದು ಮನೆಯವರು ತಾವೂ ಹಾಕಿಕೊಂಡರು. ಈಗ ಮಳೆ ಶುರುವಾದರೆ ಸಾಕು, "ಬರ್ತಾ ಇಲ್ಲ ಮಾರಾಯ, ಎಲ್ಲಾ ತೆಗೆದು ಹೊಸದಾಗಿ ಹಾಕ್ಲಾ?" ಅಂತ ಫೋನ್ ಬರುತ್ತದೆ.

ಹಾಕಬೇಡಿ. ಹೊಸದಾಗಿ ಹಾಕುವ ಗಡಿಬಿಡಿಯಲ್ಲೇ ಜಾಸ್ತಿ ಫೋಟೋ ಕಳೆದುಹೋಗುವುದು. ನಮ್ಮ ಕಡೆ ಹತ್ತರಲ್ಲಿ ಎಂಟು ಸಲ ತಪ್ಪು ಸಾಫ್ಟ್‌ವೇರ್‌ನದ್ದಲ್ಲ, ಕರೆಂಟಿನದ್ದೋ ಡಿಸ್ಕಿನದ್ದೋ ಆಗಿರುತ್ತದೆ ಅನ್ನುವುದು ನನ್ನ ಅನುಭವ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಬನ್ನಿ: ಕರೆಂಟು, ಡಿಸ್ಕ್, ಅನುಮತಿ, ವಿಳಾಸ, ಕೊನೆಗೆ ಹೊರಗಿನ ಇಂಟರ್ನೆಟ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಬದಲಾಯಿಸಿದಿರಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮೊದಲು ಕರೆಂಟು

ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ಹಳೇ ಫೋನಿನ ಚಾರ್ಜರ್ ಚುಚ್ಚಿದರೆ ಲೈಟೇನೋ ಉರಿಯುತ್ತದೆ, ಆದರೆ ಡಿಸ್ಕ್ ತಿರುಗುವ ಹೊತ್ತಿಗೆ ವೋಲ್ಟೇಜ್ ಬೀಳುತ್ತದೆ. ಸ್ಕ್ರೀನ್ ಜೋಡಿಸಿದ್ದರೆ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ. ಇಲ್ಲವಾದರೆ ಕರ್ನಲ್ ಲಾಗ್‌ನಲ್ಲಿ (ಯಂತ್ರ ತನ್ನ ಆಗುಹೋಗು ಬರೆದಿಡುವ ದಾಖಲೆ) 'ಅಂಡರ್ ವೋಲ್ಟೇಜ್' ಅನ್ನುವ ಸಾಲು ಹುಡುಕಿ. ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿ ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ, ಎರಡು ಪೋರ್ಟಬಲ್ ಡಿಸ್ಕ್ ಹಾಕಿದರೆ ಅದು ಸಾಲುವುದಿಲ್ಲ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ತನ್ನಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ರಾತ್ರಿಯಿಡೀ ಕರೆಂಟು ಹೋಗಿ ಬೆಳಿಗ್ಗೆ ಬಂದಾಗ ಸರ್ವರ್ ಎದ್ದಿರುತ್ತದೆ, ಇಂಟರ್ನೆಟ್ ಇನ್ನೂ ಬಂದಿರುವುದಿಲ್ಲ, ಹಾಗಾಗಿ ಅದರ ಲೆಕ್ಕದಲ್ಲಿ ಇನ್ನೂ ನಿನ್ನೆಯೇ ನಡೆಯುತ್ತಿರುತ್ತದೆ. ಆಗ ಲಾಗಿನ್‌ನಿಂದ ಹಿಡಿದು ಸಿಂಕ್‌ವರೆಗೆ ಚಿತ್ರವಿಚಿತ್ರ ತೊಂದರೆ ಕಾಣಬಹುದು. ತಾರೀಖು, ಸಮಯ ನೋಡದೆ ಮುಂದಕ್ಕೆ ಹೋಗಬೇಡಿ.

ಸರ್ವರ್, ಮೋಡೆಮ್ ಎರಡನ್ನೂ ಯುಪಿಎಸ್‌ಗೆ ಜೋಡಿಸಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗಂತೂ ಪ್ಲಗ್ ಕಿತ್ತಿಡುವುದೇ ಸರಿ, ಆದರೆ ಮೊದಲು ಶಟ್‌ಡೌನ್ ಮಾಡಿ, ಆಮೇಲೆ ಕೀಳಿ.

ಡಿಸ್ಕ್ ನಿಜವಾಗಿ ಜೋಡಣೆ ಆಗಿದೆಯಾ?

ಇದು ನನಗೆ ತುಂಬಾ ಮುಖ್ಯ ಅನಿಸುವ ಭಾಗ, ಸ್ವಲ್ಪ ನಿಧಾನವಾಗಿ ಓದಿ. ಸಾಗರದ ಭಾವನ ಮನೆಯಲ್ಲಿ ಒಂದು ದಿನ 'ಡೇಟಾ ಡೈರೆಕ್ಟರಿ ಸರಿಯಿಲ್ಲ, ಅದರಲ್ಲಿ ಇಂಥ ಹೆಸರಿನ ಫೈಲ್ ಇರಬೇಕು' ಅಂತ ಸಂದೇಶ ಬಂತು. ಭಾವ ಆ ಹೆಸರಿನ ಖಾಲಿ ಫೈಲ್ ತಾವೇ ಮಾಡಿ ಇಟ್ಟರು. ಸರ್ವರ್ ತೆರೆಯಿತು, ಫೋಟೋ ಒಂದೂ ಇಲ್ಲ! ಅಕ್ಕ ಅಳುವುದೊಂದು ಬಾಕಿ.

ಆಗಿದ್ದು ಇಷ್ಟು. ಕರೆಂಟು ಹೋಗಿ ಬಂದಾಗ ಡಿಸ್ಕ್ ಮೌಂಟ್ ಆಗಿರಲಿಲ್ಲ, ಅಂದರೆ ಯಂತ್ರ ಅದನ್ನು ತನ್ನ ಫೋಲ್ಡರಿಗೆ ಜೋಡಿಸಿಕೊಂಡಿರಲಿಲ್ಲ. ಡಿಸ್ಕ್ ಕೂರಬೇಕಾದ ಫೋಲ್ಡರ್ ಖಾಲಿ ಇತ್ತು. ಆ ಗುರುತಿನ ಫೈಲ್ ಇರುವುದೇ ಇದಕ್ಕೆ, ಖಾಲಿ ಫೋಲ್ಡರನ್ನು ನಿಜವಾದ ಡೇಟಾ ಅಂದುಕೊಳ್ಳದಿರಲಿ ಅಂತ. ಅದನ್ನು ಕೈಯಾರೆ ಮಾಡಿಟ್ಟರೆ ಹೊಸ ಫೋಟೋಗಳೆಲ್ಲ ಮೆಮೊರಿ ಕಾರ್ಡಿಗೆ ಬೀಳುತ್ತವೆ, ಹಳೆಯವು ಡಿಸ್ಕಿನಲ್ಲಿ ಸುಮ್ನೆ ಕೂತಿರುತ್ತವೆ. ಈ ಸಂದೇಶ ಕಂಡರೆ ಡಿಸ್ಕ್ ಕಡೆ ಹೋಗಿ, ಫೈಲ್ ಮಾಡಬೇಡಿ.

ಇದು ಮತ್ತೆ ಆಗದಿರಲು ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಯಾವ ಡಿಸ್ಕ್ ಎಲ್ಲಿ ಕೂರಬೇಕು ಅನ್ನುವ ಪಟ್ಟಿ) ಡಿಸ್ಕಿನ ಹೆಸರಿನ ಬದಲು ಅದರ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ ಬರೆಯಿರಿ. ಹೆಸರು ಪ್ರತಿ ಸಲ ಬದಲಾಗಬಹುದು, ಫಾರ್ಮ್ಯಾಟ್ ಮಾಡದ ಹೊರತು ಯುಯುಐಡಿ ಬದಲಾಗುವುದಿಲ್ಲ. ಜೊತೆಗೆ 'ನೋಫೇಲ್' ಆಯ್ಕೆ ಸೇರಿಸಿ, ಡಿಸ್ಕ್ ಸಿಗದಿದ್ದರೂ ಯಂತ್ರ ಅರ್ಧದಲ್ಲಿ ನಿಲ್ಲದೆ ಏಳುತ್ತದೆ. ಕರೆಂಟು ದಿಢೀರ್ ಹೋಗಿದ್ದರೆ ಡಿಸ್ಕನ್ನು ಅನ್‌ಮೌಂಟ್ ಮಾಡಿ ಎಫ್‌ಎಸ್‌ಸಿಕೆ (ಡಿಸ್ಕಿನ ತಪ್ಪು ಹುಡುಕಿ ಸರಿಮಾಡುವ ಆಜ್ಞೆ) ಓಡಿಸಿ. ಡಿಸ್ಕ್ ಮೌಂಟ್ ಆಗಿರುವಾಗ ಅದನ್ನು ಓಡಿಸಲೇಬಾರದು.

ಅನುಮತಿ

ವಿಂಡೋಸ್‌ನಲ್ಲಿ ಬಳಸಿದ ಹಳೇ ಡಿಸ್ಕ್ ಹಾಗೇ ತಂದು ಹಾಕಿದ್ದೀರಾ? ಅದು ಸಾಮಾನ್ಯವಾಗಿ ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್ ಡಿಸ್ಕಿನಲ್ಲಿ ಫೈಲ್ ಜೋಡಿಸುವ ಪದ್ಧತಿಯಲ್ಲಿ ಇರುತ್ತದೆ. ಸರ್ವರಿನಲ್ಲಿ ಓಡುವ ಲಿನಕ್ಸಿನ ಮಾಲೀಕತ್ವ, ಅನುಮತಿ ಅದರಲ್ಲಿ ಮಾಮೂಲಿ ರೀತಿಯಲ್ಲಿ ನಿಲ್ಲುವುದಿಲ್ಲ, 'ಡೇಟಾ ಬೇರೆಯವರೂ ಓದಬಹುದು' ಅಂತ ನೆಕ್ಸ್ಟ್‌ಕ್ಲೌಡ್ ತಕರಾರು ಮಾಡುತ್ತದೆ. ಇರುವುದನ್ನು ಬೇರೆಡೆ ನಕಲು ಮಾಡಿ, ಲಿನಕ್ಸಿನ ಪದ್ಧತಿಯಾದ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ. ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಬಗೆಗಳಲ್ಲಿ ಡೇಟಾ ಫೋಲ್ಡರಿನ ಮಾಲೀಕ 'ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ' (ವೆಬ್ ಸರ್ವರಿನ ಖಾತೆ) ಆಗಿರಬೇಕು, ಅನುಮತಿ 0770, ಅಂದರೆ ಮಾಲೀಕ ಮತ್ತು ಅದರ ಗುಂಪಿಗೆ ಮಾತ್ರ. ಬೇಸರಕ್ಕೆ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟುಬಿಡುವವರಿದ್ದಾರೆ, ದಯವಿಟ್ಟು ಬೇಡ. ಮನೆಯ ಕಾಗದಪತ್ರ ಇರುವ ಜಾಗ ಅದು, ಅಲ್ವಾ?

ಪೆನ್‌ಡ್ರೈವಿನಿಂದ ಡೇಟಾ ಫೋಲ್ಡರಿಗೆ ನೇರ ನಕಲು ಮಾಡಿದ ಫೋಟೋ ಕಾಣುತ್ತಿಲ್ಲ ಅಂದರೆ ಅದು ಕಳೆದಿಲ್ಲ. ಡೇಟಾಬೇಸಿಗೆ ಅದರ ಸುದ್ದಿ ಗೊತ್ತಿಲ್ಲ ಅಷ್ಟೇ. ಫೈಲ್ಸ್ ಸ್ಕ್ಯಾನ್ ಆಜ್ಞೆ ಕೊಟ್ಟರೆ ಬರುತ್ತದೆ.

ದೊಡ್ಡ ವಿಡಿಯೋ ಏರುತ್ತಿಲ್ಲವೇ? ನೆಕ್ಸ್ಟ್‌ಕ್ಲೌಡ್ ಬರೆದಿರುವ ಭಾಷೆ ಪಿಎಚ್‌ಪಿಯಲ್ಲಿ ಅಪ್‌ಲೋಡಿನ ಮೂಲ ಮಿತಿ 2 ಎಂಬಿ ಮಾತ್ರ, ಅದನ್ನು ಏರಿಸಿ. ಮೆಮೊರಿ ಮಿತಿ 512 ಎಂಬಿ ಇಡಿ. ಪಿಎಚ್‌ಪಿಯ ಸೆಟಿಂಗ್ ಫೈಲ್ ಎರಡಿರುತ್ತವೆ, ಒಂದು ಕಮಾಂಡ್ ಲೈನಿಗೆ (ಟೈಪ್ ಮಾಡಿ ಆಜ್ಞೆ ಕೊಡುವ ಪರದೆ), ಇನ್ನೊಂದು ವೆಬ್ ಸರ್ವರಿಗೆ. ಬದಲಾಯಿಸಿದರೂ ಪರಿಣಾಮ ಕಾಣದಿದ್ದರೆ ನೀವು ಮುಟ್ಟಿದ್ದು ಮೊದಲನೆಯದನ್ನೇ ಇರಬೇಕು.

ವಿಳಾಸ

'ಅನ್‌ಟ್ರಸ್ಟೆಡ್ ಡೊಮೇನ್' ಅಂತ ಬಂದರೆ ಖುಷಿಪಡಿ, ಸರ್ವರ್ ಸರಿಯಾಗೇ ಇದೆ. ನೀವು ಟೈಪ್ ಮಾಡಿದ ವಿಳಾಸ ಅದರ ಪಟ್ಟಿಯಲ್ಲಿ ಇಲ್ಲ. ನೆಕ್ಸ್ಟ್‌ಕ್ಲೌಡ್‌ನ ಸೆಟಿಂಗ್ ಇರುವ ಕಾನ್ಫಿಗ್ ಫೈಲಿನ 'ಟ್ರಸ್ಟೆಡ್ ಡೊಮೇನ್ಸ್' ಭಾಗಕ್ಕೆ ಸೇರಿಸಿ. ಇದು ಕರೆಂಟು ಬಂದ ಮೇಲೆಯೇ ಶುರುವಾದರೆ ರೌಟರ್ ಸರ್ವರಿಗೆ ಬೇರೆ ಐಪಿ (ನೆಟ್‌ವರ್ಕಿನ ವಿಳಾಸ ಸಂಖ್ಯೆ) ಕೊಟ್ಟಿರಬಹುದು. ರೌಟರಿನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಸೆಟಿಂಗ್‌ನಲ್ಲಿ ಒಂದೇ ಐಪಿ ಕಾಯಂ ಮಾಡಿಬಿಡಿ.

ಅಪ್‌ಡೇಟ್ ನಡುವೆ ಕರೆಂಟು ಹೋಗಿದ್ದರೆ ಪುಟ 'ಮೆಂಟೆನೆನ್ಸ್ ಮೋಡ್' ಅಂತ ನಿಂತುಬಿಡುತ್ತದೆ. ಕಾನ್ಫಿಗ್ ಫೈಲಿನಲ್ಲಿ ಆ ಮೋಡಿನ ಸಾಲನ್ನು ತಟ್ಟನೆ ಆಫ್ ಮಾಡಬೇಡಿ. ಮೊದಲು ಕಮಾಂಡ್ ಲೈನಿನಿಂದ ಅಪ್‌ಗ್ರೇಡ್ ಪೂರ್ತಿ ಮಾಡಿ. ಏನೂ ಅರ್ಥವಾಗದಿದ್ದರೆ ಡೇಟಾ ಫೋಲ್ಡರಿನ ಲಾಗ್ ಫೈಲಿನ ಕೊನೆಯ ಇಪ್ಪತ್ತು ಸಾಲು ಓದಿ.

ಮನೆಯಲ್ಲಿ ಬರುತ್ತೆ, ಶಿವಮೊಗ್ಗದಲ್ಲಿ ಬರಲ್ಲ

ರೌಟರಿನಲ್ಲಿ 80, 443 ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ಎರಡನ್ನೂ ತೆರೆದರೂ ಹೊರಗಿನಿಂದ ಬರುತ್ತಿಲ್ಲವೇ? ರೌಟರ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಂಪನಿ ರೌಟರಿಗೆ ಕೊಟ್ಟ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಇಂಟರ್ನೆಟ್ ಕಂಪನಿಯವರು ಒಂದೇ ಹೊರವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ, ಪೋರ್ಟ್ ಎಷ್ಟು ತೆರೆದರೂ ಉಪಯೋಗವಿಲ್ಲ. ದುಡ್ಡು ಕೊಟ್ಟು ನಿಮಗೇ ಮೀಸಲಾದ, ಬದಲಾಗದ ಸ್ಟ್ಯಾಟಿಕ್ ಐಪಿ ಕೇಳಬಹುದು. ಮನೆಮಂದಿಗಷ್ಟೇ ಆದರೆ ಟೇಲ್‌ಸ್ಕೇಲ್ (ನಿಮ್ಮ ಫೋನ್, ಸರ್ವರ್‌ಗಳ ನಡುವೆ ಖಾಸಗಿ ದಾರಿ ಮಾಡುವ ಆ್ಯಪ್) ಸಾಕು ಅನ್ನುತ್ತೇನೆ, ಪೋರ್ಟ್ ತೆರೆಯುವ ಅಪಾಯವೂ ಇರುವುದಿಲ್ಲ. ಅದು ಕೊಡುವ ವಿಳಾಸವೂ 100ರಿಂದಲೇ ಶುರುವಾಗುತ್ತದೆ, ಗೊಂದಲ ಬೇಡ. ಆ ವಿಳಾಸವನ್ನೂ ಟ್ರಸ್ಟೆಡ್ ಡೊಮೇನ್ಸ್‌ಗೆ ಸೇರಿಸಲು ಮರೆಯಬೇಡಿ.

ಸ್ವಂತ ಡೊಮೇನ್ (ವೆಬ್ ಹೆಸರು) ಇದ್ದವರು ಬ್ರೌಸರ್ ಆ ಹೆಸರನ್ನು ನಂಬಲು ಬೇಕಾದ ಸರ್ಟಿಫಿಕೇಟಿನ ತಾರೀಖು ನೋಡಿ. ಇದನ್ನು ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮಾಮೂಲಿ ಸರ್ಟಿಫಿಕೇಟ್ 90 ದಿನ ಬಾಳುತ್ತದೆ. ಸಾಮಾನ್ಯ ವಿಧಾನದಲ್ಲಿ ಅದು ನವೀಕರಣ ಆಗಲು 80ನೇ ಪೋರ್ಟ್ ಬೇಕು.

ಎಲ್ಲ ಸರಿಹೋದ ಮೇಲೆ ಡೇಟಾ, ಡೇಟಾಬೇಸ್, ಕಾನ್ಫಿಗ್ ಈ ಮೂರನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬೇರೆ ಮನೆಯಲ್ಲಿಡಿ. ನಮ್ಮದು ಅತ್ತೆಮನೆಯಲ್ಲಿ, ಬೂಸ್ಟು ಹಿಡಿಯದಂತೆ ಡಬ್ಬದೊಳಗೆ ಇದೆ. ಆಮೇಲೆ ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ ಸರ್ವರನ್ನು ಶಟ್‌ಡೌನ್ ಮಾಡಿ, ಯುಪಿಎಸ್, ಮನೆಯ ಮೇನ್ ಸ್ವಿಚ್ ಎರಡನ್ನೂ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಹಾಕಿ. ಆಮೇಲೆ ನೀವು ಕೈ ಹಾಕದೆಯೇ ಡಿಸ್ಕ್ ಕೂತು, ಅಮ್ಮನ ಫೋನಿನಲ್ಲಿ ಫೋಟೋ ತೆರೆದರೆ ಸೆಟಪ್ ಮುಗಿಯಿತು.