ಹಳೇ ಕಾರಿನಲ್ಲಿ ಹೊಸ ಫ್ಯೂಯೆಲ್ ಪಂಪ್ ಸದ್ದು ಮಾಡ್ತಿದೆಯಾ? ಬಿಚ್ಚೋ ಮೊದಲು ಇಷ್ಟು ನೋಡಿ

ಹಳೇ ಕಾರಿಗೆ ಹೊಸ ಫ್ಯೂಯೆಲ್ ಪಂಪ್ ಹಾಕಿದ ಮೇಲೆ ಹಿಂದಿನ ಸೀಟಿನ ಕೆಳಗಿಂದ ಗುಂಯ್ ಅಂತ ಸದ್ದು ಶುರುವಾದರೆ ಎಲ್ಲರೂ ಮೊದಲು ಹೇಳುವುದು "ಪಂಪ್ ಡೂಪ್ಲಿಕೇಟ್" ಅಂತ. ಕೆಲವೊಮ್ಮೆ ಅದು ನಿಜವೇ. ಆದರೆ ಜಾಸ್ತಿ ಸಲ ಪಂಪ್ ಚೆನ್ನಾಗೇ ಇರುತ್ತದೆ. ಅದಕ್ಕೆ ಪೆಟ್ರೋಲ್ ಸರಿಯಾಗಿ ಸಿಗುತ್ತಿರುವುದಿಲ್ಲ, ಇಲ್ಲವೇ ಅದು ತಳ್ಳಿದ ಪೆಟ್ರೋಲ್ ಮುಂದೆ ಹೋಗಲು ದಾರಿ ಇರುವುದಿಲ್ಲ, ಇಲ್ಲವೇ ಅದರ ಮೈ ಎಲ್ಲೋ ಲೋಹಕ್ಕೆ ತಾಗುತ್ತಿರುತ್ತದೆ. ಈ ಮೂರರಲ್ಲಿ ಯಾವುದು ಅಂತ ತಿಳಿಯದೆ ಇನ್ನೊಂದು ಪಂಪ್ ಹಾಕಿದರೆ ಅದೂ ಹಾಗೇ ಕೂಗುತ್ತದೆ. ಮೊದಲಿನ ಪಂಪ್ ಯಾಕೆ ಹಾಳಾಯಿತು ಅನ್ನುವುದೂ ಹಾಗೇ ಉಳಿಯುತ್ತದೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಟ್ಯಾಂಕ್ ಒಳಗೆ ಎಲೆಕ್ಟ್ರಿಕ್ ಪಂಪ್ ಇರುವ, ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳ ಬಗ್ಗೆ. ಕಾರ್ಬ್ಯುರೇಟರ್ ಕಾರಿನ ವಿಷಯ ಕೊನೆಯಲ್ಲಿದೆ.

ಕೆಲಸಕ್ಕೆ ಮುಂಚೆ ಒಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಬಯಲಲ್ಲಿ ಕೆಲಸ ಮಾಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ. ಪೈಪ್ ಬಿಚ್ಚುವ ಮುಂಚೆ ಪಂಪಿನ ಫ್ಯೂಸ್ ತೆಗೆದು ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗೇ ಆಫ್ ಆಗುವವರೆಗೆ ಬಿಡಿ. ಆಗ ಲೈನಿನಲ್ಲಿರುವ ಪ್ರೆಶರ್ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಇಷ್ಟಾದರೂ ಪೈಪಿನಲ್ಲಿ ಸ್ವಲ್ಪ ಪೆಟ್ರೋಲ್ ಉಳಿದಿರುತ್ತದೆ, ಬಟ್ಟೆ ಸುತ್ತಿಕೊಂಡೇ ಬಿಚ್ಚಿ.

ಮೊದಲ ಪ್ರಶ್ನೆ, ಸದ್ದು ಬರುತ್ತಿರುವುದು ಪಂಪಿನಿಂದಲೇ ಹೌದಾ? ಹಳೇ ಕಾರುಗಳಲ್ಲಿ ಹೆಚ್ಚಿನವು ಪಂಪಿಗೆ ನೇರವಾಗಿ ಬ್ಯಾಟರಿ ವೋಲ್ಟೇಜ್ ಕೊಡುತ್ತವೆ, ಹಾಗಾಗಿ ಪಂಪ್ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಸದ್ದಿನ ಶ್ರುತಿಯೂ ಎಂಜಿನ್ ಜೊತೆ ಏರಿ ಇಳಿಯುತ್ತಿದ್ದರೆ ಅದು ಪಂಪ್ ಅಲ್ಲ. ಆಲ್ಟರ್ನೇಟರ್, ಪವರ್ ಸ್ಟೀರಿಂಗ್, ಬೇರಿಂಗ್ ಕಡೆ ನೋಡಿ. ಇನ್ನೂ ಸುಲಭದ ದಾರಿ ಇದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ತುಂಬಾ ಕಾರುಗಳಲ್ಲಿ ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಲ್ಲುತ್ತದೆ. ಆ ಹೊತ್ತಲ್ಲಿ ಅದೇ ಸದ್ದು ಬಂದರೆ ಅನುಮಾನವೇ ಬೇಡ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಂಕಿಗೆ, ಆಮೇಲೆ ಪೈಪಿಗೆ, ಆಮೇಲೆ ಕಾರಿನ ನೆಲದ ತಗಡಿಗೆ ಇಟ್ಟು ಹಿಡಿಗೆ ಕಿವಿ ಕೊಡಿ. ಎಲ್ಲಿ ಜೋರು ಅಂತ ಗೊತ್ತಾಗುತ್ತದೆ.

ಎಷ್ಟು ಸದ್ದು ಸರಿ? ಸಣ್ಣಗೆ, ಒಂದೇ ಸಮನೆ ಗುಂಯ್‌ಗುಡುವುದು ಎಲೆಕ್ಟ್ರಿಕ್ ಪಂಪಿನ ಗುಣ. ಕಂಪನಿಯ ಪಂಪ್ ಬದಲು ಬೇರೆ ಬ್ರ್ಯಾಂಡ್ ಹಾಕಿದರೆ ಒಳಗಿನ ವಿನ್ಯಾಸವೇ ಬೇರೆ ಇರಬಹುದು. ರೋಲರ್ ಇರುವ ಪಂಪ್ ಟರ್ಬೈನ್ ಪಂಪಿಗಿಂತ ಸಹಜವಾಗೇ ಜಾಸ್ತಿ ಸದ್ದು ಮಾಡುತ್ತದೆ. ಕಿಟಕಿ ಮುಚ್ಚಿ, ಎಂಜಿನ್ ಓಡುವಾಗ ಕೇಳಿಸದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದಿನದಿಂದ ದಿನಕ್ಕೆ ಜಾಸ್ತಿ ಆಗುವ ಸದ್ದು, ಕೀರಲು ದನಿ, ಗರಗರ ಅನ್ನುವುದು, ಬಿಟ್ಟು ಬಿಟ್ಟು ಬರುವುದು, ಇವುಗಳನ್ನು ಮಾತ್ರ ಬಿಡಬೇಡಿ.

ಈಗ ಖರ್ಚಿಲ್ಲದ ಪರೀಕ್ಷೆಗಳು. ಸದ್ದು ಬರುತ್ತಿರುವಾಗಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಬುಸ್ ಅಂತ ಗಾಳಿ ಒಳಗೆ ಎಳೆದುಕೊಂಡು ಸದ್ದು ತಕ್ಷಣ ಇಳಿದರೆ ಟ್ಯಾಂಕಿನ ವೆಂಟ್ ಕಟ್ಟಿಕೊಂಡಿದೆ ಅಂತ ಅರ್ಥ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಬರಬೇಕು, ಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಪಂಪ್ ಒದ್ದಾಡುತ್ತದೆ. ವೆಂಟ್ ಪೈಪ್, ಪೆಟ್ರೋಲ್ ಆವಿ ಹಿಡಿದಿಡುವ ಚಾರ್ಕೋಲ್ ಡಬ್ಬಿ, ಮುಚ್ಚಳದ ವಾಲ್ವ್ ನೋಡಿ. ಇದು ಇಷ್ಟು ಸುಲಭದ ಪರೀಕ್ಷೆಯಾದರೂ ಯಾರೂ ಮೊದಲು ಮಾಡುವುದಿಲ್ಲ.

ಇನ್ನೊಂದು, ಟ್ಯಾಂಕ್ ತುಂಬಿಸಿ ನೋಡಿ. ತುಂಬಿದಾಗ ಸುಮ್ಮನಿದ್ದು ಕಾಲು ಟ್ಯಾಂಕಿಗಿಂತ ಕಡಿಮೆ ಆದಾಗ ಕೂಗಿದರೆ ತೊಂದರೆ ಪಂಪ್ ಪೆಟ್ರೋಲ್ ಎಳೆಯುವ ಕಡೆ ಇದೆ. ಬೆಳಗ್ಗೆ ತಣ್ಣಗಿದ್ದಾಗ ಸುಮ್ಮನಿದ್ದು ಬಿಸಿಲಲ್ಲಿ ದೂರ ಓಡಿಸಿದ ಮೇಲೆ ಶುರುವಾದರೂ ಸಾಮಾನ್ಯವಾಗಿ ಅದೇ ಕಡೆ, ಯಾಕಂದ್ರೆ ಬಿಸಿ ಪೆಟ್ರೋಲ್ ಸ್ವಲ್ಪ ಎಳೆತಕ್ಕೇ ಆವಿಯಾಗುತ್ತದೆ.

ಈ ಎಳೆಯುವ ಕಡೆಯ ತೊಂದರೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹೊಸ ಪಂಪ್ ಕಿರುಚುವುದಕ್ಕೆ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಪಂಪ್ ತಳ್ಳುವುದರಲ್ಲಿ ಗಟ್ಟಿಗ, ಎಳೆಯುವುದರಲ್ಲಿ ಬಡಪಾಯಿ. ಪಂಪಿನ ಕೆಳಗಿರುವ ಸ್ಟ್ರೈನರ್, ಅಂದ್ರೆ ಕಸ ತಡೆಯುವ ಜಾಲರಿ, ಕಟ್ಟಿಕೊಂಡರೆ ಅದು ಜೋರಾಗಿ ಎಳೆಯುತ್ತದೆ, ಆ ಜಾಗದಲ್ಲಿ ಒತ್ತಡ ಇಳಿದು ಪೆಟ್ರೋಲಿನಲ್ಲಿ ಆವಿಯ ಗುಳ್ಳೆ ಏಳುತ್ತವೆ, ಆ ಗುಳ್ಳೆಗಳು ಪಂಪಿನ ಒಳಗೆ ಒತ್ತಡ ಇರುವ ಕಡೆ ಬಂದ ಕೂಡಲೇ ಪಟಪಟ ಒಡೆಯುತ್ತವೆ. ನೀವು ಕೇಳುವ ಕೀರಲು ಮತ್ತು ಗರಗರ ಸದ್ದು ಅದೇ. ಇದು ಬರೀ ಸದ್ದಿನ ವಿಷಯ ಅಲ್ಲ. ಪಂಪನ್ನು ತಣ್ಣಗಿಡುವುದೂ, ಅದಕ್ಕೆ ಎಣ್ಣೆಯ ಕೆಲಸ ಮಾಡುವುದೂ ಪೆಟ್ರೋಲೇ. ಗುಳ್ಳೆ ಕುಡಿದು ಓಡುವ ಪಂಪ್ ಬಿಸಿಯಾಗಿ, ಸವೆದು, ಬೇಗ ಸಾಯುತ್ತದೆ.

ಹಾಗಾಗಿ ಪಂಪ್ ಹೊರಗೆ ತೆಗೆದಾಗ ಸ್ಟ್ರೈನರನ್ನು ಚೆನ್ನಾಗಿ ನೋಡಿ. ಹೊಸ ಪಂಪಿಗೆ ಹಳೇ ಸ್ಟ್ರೈನರ್ ಹಾಕಿದ್ದಾರಾ? ಹಾಕಿದ್ದರೆ ಬದಲಿಸಿ, ತೊಳೆದು ಹಾಕುವುದು ಬೇಡ. ಹೊಸದೇ ಆಗಿದ್ದರೂ ಸರಿಯಾದ ದಿಕ್ಕಿಗೆ ಕೂತಿದೆಯಾ, ಮಡಚಿಕೊಂಡಿದೆಯಾ, ಟ್ಯಾಂಕಿನ ತಳಕ್ಕೆ ಒತ್ತಿಕೊಂಡು ಬಾಯಿ ಮುಚ್ಚಿಕೊಂಡಿದೆಯಾ ನೋಡಿ. ಪಂಪ್ ಹಳೆಯದಕ್ಕಿಂತ ಒಂದೆರಡು ಸೆಂಟಿಮೀಟರ್ ಉದ್ದ ಇದ್ದರೂ ಸಾಕು, ಸ್ಟ್ರೈನರ್ ತಳಕ್ಕೆ ಅದುಮಿಕೊಳ್ಳುತ್ತದೆ. ಗಿಡ್ಡ ಇದ್ದರೆ ಪೆಟ್ರೋಲ್ ಕಡಿಮೆ ಆದಾಗ ಗಾಳಿ ಎಳೆಯುತ್ತದೆ. ಹೊಸ ಸ್ಟ್ರೈನರ್ ಮೇಲೂ ಕಂದು ಪುಡಿ ಕೂತಿದ್ದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ. ಟ್ಯಾಂಕ್ ಇಳಿಸಿ ಸ್ವಚ್ಛ ಮಾಡದೆ ಎಷ್ಟು ಪಂಪ್ ಹಾಕಿದರೂ ಇದೇ ಕಥೆ.

ಕೆಲವು ಹಳೇ ಯುರೋಪಿಯನ್ ಕಾರುಗಳಲ್ಲಿ ಎರಡು ಪಂಪ್ ಇರುತ್ತವೆ, ಉದಾಹರಣೆಗೆ ವೋಲ್ವೋ 240 ಮತ್ತು ಎರಡನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್‌ನ ಇಂಜೆಕ್ಷನ್ ಮಾದರಿಗಳು. ಟ್ಯಾಂಕ್ ಒಳಗೆ ಒಂದು ಸಣ್ಣ ಪಂಪ್, ಕಾರಿನ ಕೆಳಗೆ ದೊಡ್ಡ ಮುಖ್ಯ ಪಂಪ್. ಒಳಗಿನ ಸಣ್ಣದು ಸತ್ತುಹೋದರೂ ಕಾರು ಓಡುತ್ತಿರುತ್ತದೆ. ಆದರೆ ಹೊರಗಿನ ಪಂಪ್ ತಾನೇ ಎಳೆದುಕೊಳ್ಳಬೇಕಾಗಿ ಬಂದು ಜೋರಾಗಿ ಕೂಗುತ್ತದೆ. ಜನ ಕೂಗುವ ಪಂಪನ್ನು ಬದಲಿಸುತ್ತಾರೆ, ಸುಮ್ಮನಿರುವುದೇ ಸತ್ತಿರುತ್ತದೆ. ನಿಮ್ಮದು ಇಂಥ ಕಾರಾಗಿದ್ದರೆ ಮೊದಲು ಟ್ಯಾಂಕ್ ಒಳಗಿನ ಪಂಪ್ ಓಡುತ್ತಿದೆಯಾ ನೋಡಿ, ಅಲ್ಲಿಂದ ಬರುವ ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯಾ ನೋಡಿ. ಎಳೆಯುವ ಕಡೆಯ ಬಿರುಕಿನಿಂದ ಕೆಲವೊಮ್ಮೆ ಪೆಟ್ರೋಲ್ ಸೋರುವುದೇ ಇಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಹಾಗಾಗಿ ಕಣ್ಣಿಗೆ ಬೀಳುವುದು ಕಷ್ಟ.

ಇನ್ನು ತಳ್ಳುವ ಕಡೆ. ಇಲ್ಲಿ ಪ್ರೆಶರ್ ಗೇಜ್ ಇಲ್ಲದೆ ಊಹೆ ಮಾಡಿ ಪ್ರಯೋಜನವಿಲ್ಲ. ತುಂಬಾ ಮಲ್ಟಿಪಾಯಿಂಟ್ ಇಂಜೆಕ್ಷನ್ ಕಾರುಗಳಲ್ಲಿ ಪ್ರೆಶರ್ 2.5ರಿಂದ 4 ಬಾರ್ ನಡುವೆ ಇರುತ್ತದೆ. ಒಂದೇ ಇಂಜೆಕ್ಟರ್ ಇರುವ ಥ್ರಾಟಲ್ ಬಾಡಿ ಕಾರುಗಳಲ್ಲಿ ಸುಮಾರು 1 ಬಾರ್. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ, ಅದನ್ನೇ ನಂಬಿ. ಪ್ರೆಶರ್ ಇರಬೇಕಾದ್ದಕ್ಕಿಂತ ಜಾಸ್ತಿ ಇದ್ದರೆ ರಿಟರ್ನ್ ಪೈಪ್ (ಉಳಿದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಬರುವ ಪೈಪ್) ಎಲ್ಲೋ ಚಪ್ಪಟೆಯಾಗಿದೆ, ಇಲ್ಲವೇ ಪ್ರೆಶರ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಸಿಕ್ಕಿಕೊಂಡಿದೆ. ಟ್ಯಾಂಕ್ ಇಳಿಸಿ ಏರಿಸುವಾಗ ರಿಟರ್ನ್ ಪೈಪ್ ಮಧ್ಯೆ ಸಿಕ್ಕಿ ಅಪ್ಪಚ್ಚಿಯಾಗುವುದು ಅಪರೂಪವೇನಲ್ಲ. ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪ್ ಇದ್ದರೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಅದನ್ನು ಕಿತ್ತು ನೋಡಿ, ಪ್ರೆಶರ್ ಸುಮಾರು ಅರ್ಧ ಬಾರ್ ಏರಬೇಕು. ಆ ಪೈಪಿನೊಳಗೆ ಪೆಟ್ರೋಲ್ ಒದ್ದೆ ಕಂಡರೆ ರೆಗ್ಯುಲೇಟರಿನ ಒಳಗಿನ ಪೊರೆ ಹರಿದಿದೆ.

ಪಂಪಿನಿಂದ ಎಂಜಿನ್ನಿಗೆ ಹೋಗುವ ಲೈನಿನ ಫಿಲ್ಟರ್ ಕಟ್ಟಿಕೊಂಡಿದ್ದರೆ ಕಥೆ ಬೇರೆ. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೇಲ್ ಹತ್ತಿರ ಪ್ರೆಶರ್ ಸರಿ ಇರಬಹುದು, ಕಡಿಮೆಯೂ ಇರಬಹುದು, ಆದರೆ ಫಿಲ್ಟರಿನ ಹಿಂದೆ ಪಂಪ್ ವಿಪರೀತ ಒತ್ತಡದಲ್ಲಿ ಕೆಲಸ ಮಾಡುತ್ತಿರುತ್ತದೆ. ಪಂಪ್ ಬದಲಿಸಿದಾಗ ಫಿಲ್ಟರ್ ಬದಲಿಸದೆ ಇರುವುದು ಸುಳ್ಳು ಉಳಿತಾಯ. ಹಾಕುವಾಗ ಬಾಣದ ಗುರುತು ಎಂಜಿನ್ ಕಡೆ ಇರಲಿ. ಗೇಜಿನ ಮುಳ್ಳು ನಡುಗುತ್ತಿದ್ದರೆ ಮತ್ತೆ ಗಾಳಿಯ ಕಡೆ ಯೋಚಿಸಿ.

ಪ್ರೆಶರೂ ಸರಿ, ಹರಿವೂ ಸರಿ, ಆದರೂ ಕಾರಿನ ಒಳಗೆ ಮಾತ್ರ ಜೋರು ಸದ್ದು ಅಂದ್ರೆ ಫಿಟ್ಟಿಂಗ್ ನೋಡಿ. ಪಂಪಿನ ಸುತ್ತ ರಬ್ಬರ್ ತೋಳು, ಕೆಳಗೆ ರಬ್ಬರ್ ಬುಷ್ ಇರಬೇಕು. ಕೆಲಸದ ಅವಸರದಲ್ಲಿ ಇವು ಹಳೇ ಪಂಪಿನ ಜೊತೆ ಕಸದ ಬುಟ್ಟಿ ಸೇರುತ್ತವೆ. ಪಂಪ್ ಬ್ರಾಕೆಟ್ಟಿಗೆ ನೇರವಾಗಿ ತಾಗಿದರೆ ಟ್ಯಾಂಕ್ ಪೂರ್ತಿ ತಮಟೆಯ ಹಾಗೆ ಸದ್ದು ಮಾಡುತ್ತದೆ. ಪಂಪ್ ಮತ್ತು ಮೇಲಿನ ಲೋಹದ ಪೈಪಿನ ನಡುವಿನ ರಬ್ಬರ್ ಪೈಪೂ ಮುಖ್ಯ. ಅದು ಗಟ್ಟಿಯಾಗಿದ್ದರೆ ಅದುರುವಿಕೆ ನೇರ ಮೇಲಕ್ಕೆ ಹೋಗುತ್ತದೆ, ಕ್ಲ್ಯಾಂಪ್ ಸಡಿಲ ಇದ್ದರೆ ಟ್ಯಾಂಕ್ ಒಳಗೇ ಪೆಟ್ರೋಲ್ ಚಿಮ್ಮಿ ಬುಸುಗುಡುತ್ತದೆ. ಒಂದು ಎಚ್ಚರಿಕೆ: ಮಾಮೂಲಿ ಇಂಜೆಕ್ಷನ್ ಪೈಪ್ ಟ್ಯಾಂಕ್ ಒಳಗೆ ಬಳಸಬೇಡಿ. ಹೊರಗಿನಿಂದಲೂ ಪೆಟ್ರೋಲಿನಲ್ಲಿ ಮುಳುಗಿದರೆ ಅದು ಉಬ್ಬಿ ಕೊಳೆಯುತ್ತದೆ. ಒಳಗೆ ಹಾಕುವುದಕ್ಕೆ ಪೈಪಿನ ಮೇಲೆ ಎಸ್‌ಎಇ ಜೆ30 ಆರ್10 (SAE J30 R10, ಪೈಪಿನ ಗುಣಮಟ್ಟದ ಗುರುತು) ಅಂತ ಬರೆದಿರುವುದೇ ಬೇಕು. ಆರ್9 ಹೊರಗಿನ ಲೈನಿಗೆ ಮಾತ್ರ.

ಕರೆಂಟಿನ ಕಡೆ ಎರಡು ನಿಮಿಷದ ಕೆಲಸ. ಎಂಜಿನ್ ಓಡುವಾಗ ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಪಂಪಿನಲ್ಲಿ 11 ಇದ್ದರೆ ರಿಲೇ, ಕನೆಕ್ಟರ್, ಇಲ್ಲವೇ ಅರ್ಥ್ ಪಾಯಿಂಟಿನಲ್ಲಿ ತುಕ್ಕಿದೆ. ಒಂದು ವೋಲ್ಟಿಗಿಂತ ಜಾಸ್ತಿ ಕಡಿಮೆ ಆಗಬಾರದು. ಕೆಲವು ಕಾರುಗಳಲ್ಲಿ ಐಡಲ್‌ನಲ್ಲಿ ಪಂಪನ್ನು ನಿಧಾನ ಓಡಿಸಲು ರೆಸಿಸ್ಟರ್ ಇರುತ್ತದೆ. ಅಂಥ ಕಾರಿನಲ್ಲಿ ಐಡಲ್‌ನಲ್ಲಿ ವೋಲ್ಟೇಜ್ ಕಡಿಮೆ ಇರುವುದೇ ಸರಿ. ಯಾರಾದರೂ ಆ ರೆಸಿಸ್ಟರನ್ನು ತಪ್ಪಿಸಿ ನೇರ ವೈರ್ ಕೊಟ್ಟಿದ್ದರೆ ಐಡಲ್‌ನಲ್ಲೂ ಪಂಪ್ ಪೂರ್ತಿ ವೇಗದಲ್ಲಿ ಓಡಿ ಸದ್ದು ಮಾಡುತ್ತದೆ. ಇನ್ನು ವೈರ್ ಕತ್ತರಿಸಿ ಯೂನಿವರ್ಸಲ್ ಪಂಪ್ ಜೋಡಿಸಿದ್ದರೆ ಪ್ಲಸ್ ಮೈನಸ್ ಅದಲುಬದಲಾಗಿದೆಯಾ ನೋಡಿ. ಉಲ್ಟಾ ಕೊಟ್ಟರೆ ಸಾಮಾನ್ಯವಾಗಿ ಪಂಪ್ ಹಿಂದುಮುಂದಾಗಿ ತಿರುಗುತ್ತದೆ, ಸದ್ದು ಮಾತ್ರ ಬರುತ್ತದೆ, ಪ್ರೆಶರ್ ಬರಲ್ಲ.

ಕಾರ್ಬ್ಯುರೇಟರ್ ಕಾರಿಗೆ ಹಾಕುವ ಟಕ್ ಟಕ್ ಅನ್ನುವ ಸಣ್ಣ ಎಲೆಕ್ಟ್ರಿಕ್ ಪಂಪಿನ ಲೆಕ್ಕ ಸುಲಭ. ಕೀ ಆನ್ ಮಾಡಿದಾಗ ಬೇಗ ಬೇಗ ಬಡಿದು, ಕಾರ್ಬ್ಯುರೇಟರ್ ತುಂಬಿದ ಮೇಲೆ ನಿಧಾನ ಆಗಬೇಕು. ನಿಧಾನ ಆಗದೇ ಒಂದೇ ಸಮನೆ ಬಡಿಯುತ್ತಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಗಾಳಿ ಎಳೆಯುತ್ತಿದೆ, ಇಲ್ಲವೇ ಮುಂದೆ ಎಲ್ಲೋ ಸೋರುತ್ತಿದೆ. ಮೊದಲು ಸೋರಿಕೆ ನೋಡಿ. ಇಂಥ ಪಂಪನ್ನು ಟ್ಯಾಂಕಿನ ಹತ್ತಿರ, ಆದಷ್ಟು ಕೆಳಗೆ, ರಬ್ಬರ್ ವಾಷರ್ ಕೊಟ್ಟು ಕೂರಿಸಬೇಕು. ಎಂಜಿನ್ ಪಕ್ಕ ಕೂರಿಸಿದರೆ ದೂರದಿಂದ ಎಳೆಯಬೇಕು, ಬಿಸಿಯೂ ತಾಗುತ್ತದೆ.

ಇಷ್ಟೆಲ್ಲ ಸರಿ ಇದ್ದು, ಪಾರ್ಟ್ ನಂಬರೂ ನಿಮ್ಮ ಕಾರಿನದ್ದೇ ಆಗಿದ್ದು, ಆಗಲೂ ಗರಗರ ಅಂತಿದ್ದರೆ ಪಂಪೇ ಕೆಟ್ಟಿದೆ ಅಂತ ಧೈರ್ಯವಾಗಿ ಹೇಳಬಹುದು. ವಾಪಸ್ ಕೊಡುವಾಗ ವೋಲ್ಟೇಜ್, ಪ್ರೆಶರ್ ಎಷ್ಟಿತ್ತು ಅಂತ ಬರೆದುಕೊಂಡು ಹೋಗಿ, ಹೊಸ ಸ್ಟ್ರೈನರಿನ ಫೋಟೋ ಇಟ್ಟುಕೊಳ್ಳಿ. ಅಂಗಡಿಯವರು ಸಾಮಾನ್ಯವಾಗಿ ಟ್ಯಾಂಕ್ ಗಲೀಜು ಇತ್ತು ಅಂತಲೇ ವಾದ ಮಾಡುತ್ತಾರೆ. ಮತ್ತೆ ಆ ಪಂಪನ್ನು ಮೇಜಿನ ಮೇಲಿಟ್ಟು ಬ್ಯಾಟರಿ ಕೊಟ್ಟು "ನೋಡಿ, ಕೇಳಿ" ಅಂತ ಓಡಿಸಿ ತೋರಿಸಬೇಡಿ. ಒಣಗಿದ ಪಂಪ್ ಸ್ವಲ್ಪ ಹೊತ್ತಿಗೇ ಸವೆದುಹೋಗಬಹುದು, ಒಳಗೆ ಉಳಿದ ಆವಿಗೆ ವೈರಿನ ತುದಿಯ ಒಂದು ಕಿಡಿ ಸಾಕು.